ಮುಪ್ಪಿನ ಬೆನ್ನುನೋವನ್ನು ಅಲಕ್ಷಿಸಬೇಡಿ
(ಮಹಿಳಾ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ವಯಸ್ಸಾದ ಹೆಂಗಸೊಬ್ಬರು ನೀರಿನ ಕೊಡ ಎತ್ತಲು ಬಗ್ಗುತ್ತಾರೆ. ಬೆನ್ನಿನಲ್ಲಿ ಒಮ್ಮೆಲೇ ನೋವು ಹಿಡಿದು ಮೇಲೇಳಲಾರದೆ ಹೋಗುತ್ತಾರೆ. ಮನೆಯವರು "ಉಳುಕಿರಬೇಕು" ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಅದು ಉಳುಕಲ್ಲ, ಮೂಳೆ ಮುರಿತವೇ ಆಗಿರಬಹುದು. ಇದನ್ನು ನಿಮಗೆ ತಿಳಿಸುವುದೇ ಇಂದಿನ ನನ್ನ ಉದ್ದೇಶ.

ಬೀಳದೆ ಮೂಳೆ ಮುರಿಯುವುದು ಹೇಗೆ ಎಂದು ನೀವು ಕೇಳಬಹುದು. ಗೆದ್ದಲು ತಿಂದ ಕಂಬವು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಭಾರ ಬಿದ್ದಾಗ ಕುಸಿಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಗಳು ಹೀಗೆಯೇ ಒಳಗೆ ಟೊಳ್ಳಾಗುತ್ತ ಬರುತ್ತವೆ. ಇದಕ್ಕೆ ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಗಂಡಸರಿಗೂ ಇದು ಬರುತ್ತದೆ. ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಬೇಗ ಬರುತ್ತದೆ. ಬೆನ್ನುಮೂಳೆಯು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಒಂದು ಮಣಿಯ ಮುಂಭಾಗ ಕುಸಿದರೆ ಬೆನ್ನು ಮುಂದಕ್ಕೆ ಬಾಗುತ್ತದೆ. ಹಲವು ಕುಸಿದರೆ ಎತ್ತರ ಕಡಿಮೆಯಾಗಿ ಗೂನು ಬೀಳುತ್ತದೆ.

ಇಂಥ ನೋವು ಬಂದಾಗ ಬೆನ್ನನ್ನು ತುಳಿಸಬೇಡಿ, ಎಳೆಸಬೇಡಿ, ಬಲವಾಗಿ ತಿಕ್ಕಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬಾರದು.

ವೈದ್ಯರು ಮೊದಲು ಎಕ್ಸ್-ರೇ ತೆಗೆಸುತ್ತಾರೆ. ಕ್ಷಯ ಮತ್ತು ಕ್ಯಾನ್ಸರ್ ರೋಗಗಳೂ ಬೆನ್ನಿನ ಮಣಿಯನ್ನು ಕುಸಿಯುವಂತೆ ಮಾಡುವುದರಿಂದ ರಕ್ತಪರೀಕ್ಷೆಯನ್ನೂ, ಅಗತ್ಯವಿದ್ದರೆ ಎಂ.ಆರ್.ಐ. ಪರೀಕ್ಷೆಯನ್ನೂ ಮಾಡಿಸುತ್ತಾರೆ. ಬಳಿಕ ನೋವಿಗೆ ಔಷಧಿ ಕೊಡುತ್ತಾರೆ. ಕೆಲವು ದಿನಗಳ ವಿಶ್ರಾಂತಿ ಸಾಕು. ತಿಂಗಳುಗಟ್ಟಲೆ ಮಲಗಿದರೆ ಮೂಳೆಯೂ ಮಾಂಸಖಂಡವೂ ಇನ್ನಷ್ಟು ಸವೆಯುತ್ತವೆ. ಕೆಲವರಿಗೆ ಸ್ವಲ್ಪ ಕಾಲ ಬೆನ್ನಿಗೆ ಪಟ್ಟಿ ಕಟ್ಟಿಸಿ, ಮೆಲ್ಲಗೆ ಎಬ್ಬಿಸಿ ನಡೆಸುತ್ತಾರೆ. ಹೆಚ್ಚಿನವರ ನೋವು ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ.

ಕುಸಿದ ಮಣಿಗೆ ಸೂಜಿಯ ಮೂಲಕ ಸಿಮೆಂಟು ತುಂಬುವ ವಿಧಾನವೂ ಉಂಟು. ಇದನ್ನು ಮೊದಲು ಮಾಡಿದ್ದು ಫ್ರಾನ್ಸ್ ದೇಶದಲ್ಲಿ, 1984ರಲ್ಲಿ. ಆದರೆ 2009ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ, ಸಿಮೆಂಟು ತುಂಬಿಸಿಕೊಂಡವರಿಗೂ ತುಂಬಿದಂತೆ ನಟಿಸಿದ ಚಿಕಿತ್ಸೆ ಪಡೆದವರಿಗೂ ನೋವು ಒಂದೇ ತೆರನಾಗಿ ತಗ್ಗಿತು. ಆದುದರಿಂದ ಇದು ಎಲ್ಲರಿಗೂ ಬೇಕಾದುದಲ್ಲ. ಬೇರೆ ಉಪಾಯದಿಂದ ತಗ್ಗದ ತೀವ್ರ ನೋವಿದ್ದಾಗ ಮಾತ್ರ ವೈದ್ಯರು ಇದನ್ನು ಯೋಚಿಸುತ್ತಾರೆ.

ನೋವು ಹೋಯಿತೆಂದು ನಮ್ಮ ಜನ ಆಸ್ಪತ್ರೆಯ ದಾರಿ ಮರೆಯುತ್ತಾರೆ. ದೊಡ್ಡ ಅಪಾಯವಿರುವುದು ಇಲ್ಲಿಯೇ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆನ್ನಿನ ಮಣಿ ಮುರಿದ ಐವರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ವರ್ಷದೊಳಗೆ ಮತ್ತೊಂದು ಮಣಿ ಮುರಿದಿತ್ತು. ಮೊದಲ ಮುರಿತವೆಂದರೆ ಎಚ್ಚರಿಕೆಯ ಗಂಟೆ. ನೋವಿನ ಔಷಧಿ ಬೇರೆ, ಮೂಳೆ ಗಟ್ಟಿಮಾಡುವ ಔಷಧಿ ಬೇರೆ. ಎರಡನೆಯದನ್ನು ಕೇಳಿ ಪಡೆಯಿರಿ.

ಅಂಥ ಔಷಧಿಗಳಲ್ಲಿ ಅಲೆಂಡ್ರೋನೇಟ್ ಎಂಬುದು ವಾರಕ್ಕೊಮ್ಮೆ ನುಂಗುವ ಮಾತ್ರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಡನೆ ತೆಗೆದುಕೊಂಡು, ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ನೆಟ್ಟಗಿರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾಗುತ್ತದೆ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೋನಿಕ್ ಆಮ್ಲವೂ ಇದೆ. ಮೂತ್ರಪಿಂಡವನ್ನೂ ಹಲ್ಲನ್ನೂ ಪರೀಕ್ಷಿಸಿ, ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮನೆಯಲ್ಲಿ ಮಾಡತಕ್ಕ ಕೆಲಸವೂ ಇದೆ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಸುಣ್ಣಾಂಶ ಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಮುದ್ದೆಯ ಜೊತೆಗೆ ಹಾಲು, ಮೊಸರು, ಎಳ್ಳು, ಸೊಪ್ಪು ಇರಲಿ. ಮನೆಮಂದಿಗೆಲ್ಲ ಹಾಲು ಬಡಿಸಿ ತಾವು ಬರಿಯ ಚಹಾ ಕುಡಿಯುವ ತಾಯಂದಿರು ಇದನ್ನು ಗಮನಿಸಬೇಕು. ಮೈಗೆ ಬಿಸಿಲು ಬೀಳಲಿ, ದಿನವೂ ನಡೆಯಿರಿ. ಹೊಗೆಸೊಪ್ಪು, ಬೀಡಿ, ಮದ್ಯ ಬಿಡಿ. ಬಚ್ಚಲಿನ ಪಾಚಿ ಉಜ್ಜಿ ತೆಗೆಯಿರಿ. ರಾತ್ರಿ ಓಡಾಡುವ ದಾರಿಯಲ್ಲಿ ದೀಪವಿರಲಿ. ಭಾರದ ಕೊಡವನ್ನು ಮನೆಯ ಎಳೆಯರು ಹೊರಲಿ.

ನಿಮ್ಮ ಓಣಿಯಲ್ಲಿ ಈಚೆಗೆ ಬೆನ್ನು ಬಾಗಿದವರು, ಎತ್ತರ ಕುಗ್ಗಿದವರು ಇದ್ದರೆ ಈ ವಾರವೇ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಆಶಾ ಕಾರ್ಯಕರ್ತೆಯರ ನೆರವು ಪಡೆಯಿರಿ. ಬಾಗಿದ ಬೆನ್ನನ್ನು ಮೊದಲಿನಂತೆ ಮಾಡುವುದು ಕಷ್ಟ. ಇನ್ನಷ್ಟು ಬಾಗದಂತೆ ತಡೆಯುವುದು ನಮ್ಮ ಕೈಯಲ್ಲಿದೆ.