ಗಡಿಯ ಪೇಟೆಯಲ್ಲಿ ಸಮಾನ ನಿಯಮ: ಚಾಮರಾಜನಗರ, ಗುಂಡ್ಲುಪೇಟೆಯ ಅರಿಸಿನ ಮತ್ತು ತರಕಾರಿ
(ಭಾಷಣದ ಬರಹ ರೂಪ)



ಗುಂಡ್ಲುಪೇಟೆಯ ಬಳಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಸುಲ್ತಾನ್ ಬತ್ತೇರಿಯ ಮೇಲೆ ಕೋಳಿಕ್ಕೋಡಿಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ ಹೋಗುತ್ತದೆ. ಚಾಮರಾಜನಗರದಿಂದ ಹೊರಟ ಲಾರಿ ಹಾಸನೂರು ದಾಟಿ ದಿಂಬಂ ಘಟ್ಟ ಇಳಿದರೆ ಸತ್ಯಮಂಗಲ, ಮುಂದೆ ಈರೋಡು. ಈ ಎರಡು ತಾಲ್ಲೂಕುಗಳ ಟೊಮೆಟೊ, ಬೀನ್ಸ್, ಎಲೆಕೋಸು, ಬಾಳೆ ಹಾಗೂ ಓಣಂ ಸಮಯದ ಚೆಂಡುಹೂ ಕೇರಳದ ಕಡೆ ಮುಖ ಮಾಡಿದರೆ, ಅರಿಸಿನದ ಧಾರಣೆಗೆ ರೈತರು ಈರೋಡಿನತ್ತ ನೋಡುತ್ತಾರೆ. ಬೆಳೆಯುವ ಹೊಲ ಒಂದು ರಾಜ್ಯದಲ್ಲಿ, ಬೆಲೆ ಗೊತ್ತಾಗುವ ಪೇಟೆ ಇನ್ನೊಂದು ರಾಜ್ಯದಲ್ಲಿ. ಆದ್ದರಿಂದ ಗಡಿಯ ಎರಡೂ ಬದಿಗೆ ಸಮಾನವಾದ ನಿಯಮಗಳು ಯಾವುವು, ಅವು ಎಷ್ಟರಮಟ್ಟಿಗೆ ಜಾರಿಯಲ್ಲಿವೆ ಎಂಬುದು ಇಲ್ಲಿನ ರೈತನಿಗೆ ಹಣದ ಪ್ರಶ್ನೆ.

ಭಾರತದ ಉದ್ದಗಲಕ್ಕೂ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೆಯ ಅನುಚ್ಛೇದ ಹೇಳುತ್ತದೆ. ಆದರೆ ಏಳನೆಯ ಅನುಸೂಚಿಯಲ್ಲಿ ಕೃಷಿಯೂ, ಸಂತೆ ಮಾರುಕಟ್ಟೆಗಳೂ ರಾಜ್ಯಗಳ ಪಟ್ಟಿಯಲ್ಲಿವೆ. ಹೀಗಾಗಿ ಕರ್ನಾಟಕದಲ್ಲಿ 1966ರ ಮಾರುಕಟ್ಟೆ ಕಾಯಿದೆ, ತಮಿಳುನಾಡಿನಲ್ಲಿ 1987ರ ಕಾಯಿದೆ; ಕೇರಳದಲ್ಲಿ ಇಂತಹ ಕಾಯಿದೆಯೇ ಇಲ್ಲ. ಇವಕ್ಕೆಲ್ಲ ಮೇಲಿನಿಂದ ಒಂದೇ ಚೌಕಟ್ಟು ಹಾಕಲು ಕೇಂದ್ರವು 2020ರಲ್ಲಿ ತಂದ ಕಾಯಿದೆ, ರೈತರ ದೀರ್ಘ ಚಳವಳಿಯ ನಂತರ 2021ರಲ್ಲಿ ರದ್ದಾಯಿತು.

ಹಾಗೆಂದು ಸಮಾನ ನಿಯಮಗಳೇ ಇಲ್ಲವೆಂದಲ್ಲ. 1937ರ ಅಗ್‌ಮಾರ್ಕ್ ವರ್ಗೀಕರಣದ ಕಾಯಿದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮೂರು ರಾಜ್ಯಗಳಿಗೂ ಒಂದೇ. ಕಾಗದದ ಮೇಲೆ ಕೊರತೆಯಿಲ್ಲ.

ಇಲ್ಲಿ ಯೂರೋಪಿನ ಒಂದು ಪದ್ಧತಿಯನ್ನು ನೆನೆಯಬಹುದು. ಅಲ್ಲಿಯ ದೇಶಗಳಿಗೆ ಒಂದೇ ಮಾರುಕಟ್ಟೆ, ಸಮಾನ ನಿಯಮಗಳು. ಯಾವ ದೇಶ ಅವುಗಳನ್ನು ಎಷ್ಟು ಪಾಲಿಸಿತೆಂಬ ಅಂಕಪಟ್ಟಿಯನ್ನು 1997ರಿಂದ ಪ್ರಕಟಿಸುತ್ತ ಬಂದಿದ್ದಾರೆ. ಅದರಲ್ಲಿ ಗಮನಿಸತಕ್ಕದ್ದೆಂದರೆ, ನಿಯಮವನ್ನು ತನ್ನ ಕಾಯಿದೆ ಪುಸ್ತಕಕ್ಕೆ ಸೇರಿಸಿಕೊಂಡದ್ದಕ್ಕೆ ಒಂದು ಲೆಕ್ಕ, ಅದನ್ನು ತಪ್ಪಾಗಿ ನಡೆಸಿದ್ದಕ್ಕೆ ಬೇರೆ ಲೆಕ್ಕ. ಚಾಮರಾಜನಗರದ ಮಾರುಕಟ್ಟೆ ಪ್ರಾಂಗಣಕ್ಕೂ ಈ ಎರಡನೆಯ ಲೆಕ್ಕವೇ ಬೇಕಾಗಿರುವುದು.

ಅರಿಸಿನವನ್ನೇ ತೆಗೆದುಕೊಳ್ಳಿ. ಒಣಗಿದ ಕೊಂಬಿನಲ್ಲಿ ತೇವಾಂಶ ಶೇಕಡ 12ನ್ನು ಮೀರಬಾರದೆಂಬುದು ದೇಶಕ್ಕೆಲ್ಲ ಒಂದೇ ಮಿತಿ. ಆದರೆ ಪೇಟೆಯಲ್ಲಿ ತೇವ ಗೊತ್ತಾಗುವುದು ಸಾಮಾನ್ಯವಾಗಿ ಕೈಯಿಂದ: ಕೊಂಬನ್ನು ಮುರಿದು ಅದರ ಸದ್ದು ಕೇಳಿ ಖರೀದಿದಾರ ಒಂದು ಮಾತು ಹೇಳುತ್ತಾನೆ, ‘ಹಸಿ ಇದೆ’ ಎಂದು ತೂಕದಲ್ಲಿ ಇಷ್ಟು ಕಿಲೋ ಕಳೆಯುತ್ತಾನೆ. ಈ ಕಳೆಯುವಿಕೆಗೆ ಸರಿಯಾದ ಲೆಕ್ಕವೊಂದಿದೆ. ಶೇಕಡ 16 ತೇವವಿರುವ ಒಂದು ಕ್ವಿಂಟಲ್ ಅರಿಸಿನದಲ್ಲಿ ಒಣ ಪದಾರ್ಥ 84 ಕಿಲೋ. ಅದನ್ನು ಶೇಕಡ 12ಕ್ಕೆ ಒಣಗಿಸಿದರೆ ತೂಕ 84ನ್ನು 0.88ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 95.5 ಕಿಲೋ ಆಗುತ್ತದೆ. ನ್ಯಾಯವಾದ ಕಡಿತ ನಾಲ್ಕೂವರೆ ಕಿಲೋ. ಖರೀದಿದಾರ ಎಂಟು ಕಿಲೋ ಕಳೆದನೆನ್ನಿ, 20 ಕ್ವಿಂಟಲಿನ ರಾಶಿಯಲ್ಲಿ 70 ಕಿಲೋ ಅರಿಸಿನ ಪುಕ್ಕಟೆಯಾಗಿ ಹೋಯಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನು ರೈತರು ಅಷ್ಟಾಗಿ ಗಮನಿಸುವುದಿಲ್ಲ. ಶೇಕಡ 10ಕ್ಕೆ ಒಣಗಿಸಿದ ಕ್ವಿಂಟಲಿನಲ್ಲಿ ಒಣ ಪದಾರ್ಥ 90 ಕಿಲೋ. ಶೇಕಡ 12ರ ಲೆಕ್ಕದಲ್ಲಿ ಅದು ಸುಮಾರು 102 ಕಿಲೋಗೆ ಸಮ. ಎರಡು ಕಿಲೋ ಹೆಚ್ಚು ಕೊಟ್ಟವನಿಗೆ ಹೆಚ್ಚಿನ ದರ ಸಿಗಬೇಕು. ಹಸಿಗೆ ಕಳೆಯುವ ಕೈ, ಒಣಗಿದ್ದಕ್ಕೆ ಕೂಡಿಸುವುದು ಅಪರೂಪ.

ಅಳೆಯುವುದೂ ಅಷ್ಟು ಸುಲಭವಲ್ಲವೆಂಬುದನ್ನು ಒಪ್ಪಬೇಕು. ಇಡೀ ಕೊಂಬಿನ ಮೇಲೆ ತೇವಮಾಪಕವಿಟ್ಟರೆ ಅಂಕಿ ನಂಬುವಂತಿರದು. ಒಲೆಯಲ್ಲಿ ಒಣಗಿಸಿ ತೂಗಿದರೆ ನೀರಿನೊಂದಿಗೆ ಅರಿಸಿನದ ಆವಿಯಾಗುವ ಎಣ್ಣೆಯೂ ಹೋಗಿ, ತೇವ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಅಂದರೆ ರೈತನಿಗೇ ನಷ್ಟ. ಸಂಬಾರ ಪದಾರ್ಥಗಳಿಗೆ ಟಾಲ್ಯೂಯಿನ್ ಬಟ್ಟಿ ವಿಧಾನವೇ ಸರಿ. ಅದಕ್ಕೆ ಪ್ರಯೋಗಶಾಲೆ, ಗಾಜಿನ ಸಲಕರಣೆ, ತಿಳಿದ ಒಬ್ಬ ನೌಕರ ಬೇಕು. ಕರ್ನಾಟಕವು 2014ರಲ್ಲಿಯೇ ಏಕೀಕೃತ ಆನ್‌ಲೈನ್ ಮಾರುಕಟ್ಟೆಗೆ ಕಂಪನಿ ಸ್ಥಾಪಿಸಿತು, ಕೇಂದ್ರದ ಇ-ನಾಮ್ 2016ರ ಏಪ್ರಿಲ್‌ನಲ್ಲಿ ಆರಂಭವಾಯಿತು. ದೂರದ ವ್ಯಾಪಾರಿ ಕಣ್ಣಿಗೆ ಕಾಣದ ಮಾಲಿಗೆ ಬೆಲೆ ಕೂಗಬೇಕಾದರೆ ಗುಣ ಪರೀಕ್ಷೆಯ ಅಂಕಿ ಪರದೆಯ ಮೇಲಿರಬೇಕು. ಅಂಕಿ ಇಲ್ಲದಿದ್ದರೆ ಕೊಳ್ಳುವವನು ಪ್ರಾಂಗಣಕ್ಕೆ ಬಂದು ಕೊಂಬು ಮುರಿದೇ ನೋಡಬೇಕು. ಕಂಪ್ಯೂಟರು ಬಂದರೂ ಪೇಟೆ ಹಿಂದಿದ್ದ ಪೇಟೆಯೇ.

ಇನ್ನು ದಲ್ಲಾಳಿ. ಕರ್ನಾಟಕದ ಕಾಯಿದೆಯಂತೆ ದಲ್ಲಾಳಿಯು ಮಾರುವ ರೈತನಿಂದ ಕಮಿಷನ್ ಹಿಡಿಯುವಂತಿಲ್ಲ, ಅದನ್ನು ಕೊಳ್ಳುವವನು ಕೊಡಬೇಕು. ಆದರೂ ತರಕಾರಿ ಮಂಡಿಗಳಲ್ಲಿ ಬಿಳಿ ಚೀಟಿಯ ಮೇಲೆ ಹಿಡಿಯುವ ದೂರು ಹಳೆಯದು. ಬಿಳಿ ಚೀಟಿಗೆ ಲೆಕ್ಕಪತ್ರದಲ್ಲಿ ಜಾಗವಿಲ್ಲ. ಹಣ ನಿಂತುಹೋದಾಗ ಸಮಿತಿಯ ಮುಂದೆ ಅದು ನಿಲ್ಲುವುದು ಕಷ್ಟ. ಹೊಲಕ್ಕೇ ಬಂದು ಕೊಳ್ಳುವ ನೆರೆ ರಾಜ್ಯದ ವ್ಯಾಪಾರಿಯಾದರೆ ಚೀಟಿಯೂ ಇಲ್ಲದೆ ಫೋನ್ ನಂಬರು ಮಾತ್ರ ಉಳಿಯುವುದುಂಟು.

ತರಕಾರಿಯಲ್ಲಿ ಜಾರಿಯ ವ್ಯತ್ಯಾಸ ಇನ್ನೊಂದು ಬಗೆಯದು. ಪೀಡೆನಾಶಕದ ಉಳಿಕೆಗೆ ಮಿತಿ ದೇಶಕ್ಕೆಲ್ಲ ಒಂದೇ ಆದರೂ, ಪರೀಕ್ಷೆಯ ಕಟ್ಟುನಿಟ್ಟು ತಿನ್ನುವವರ ಕಡೆ ಮೊದಲು ಬರುತ್ತದೆ. 2015ರಲ್ಲಿ ಕೇರಳವು ತಮಿಳುನಾಡಿನಿಂದ ಬರುವ ತರಕಾರಿಯಲ್ಲಿ ಉಳಿಕೆ ಇದೆಯೆಂದು ಪ್ರಶ್ನೆ ಎತ್ತಿತು. ಗಡಿಯಾಚೆ ಮಾದರಿ ತೆಗೆಯುವ ಹೊತ್ತಿಗೆ ಹತ್ತು ಹೊಲಗಳ ಟೊಮೆಟೊ ಒಂದೇ ಲಾರಿಯಲ್ಲಿ ಬೆರೆತಿರುತ್ತದೆ. ಯಾರ ತಪ್ಪೆಂದು ಗೊತ್ತಾಗದೆ ಇಡೀ ಊರಿನ ಮಾಲಿಗೆ ಕೆಟ್ಟ ಹೆಸರು. ಪರೀಕ್ಷೆ ಹೊರಡುವ ಪೇಟೆಯಲ್ಲಿ ನಡೆದರೆ ತಪ್ಪಿತಸ್ಥನೊಬ್ಬನೇ ಸಿಕ್ಕುತ್ತಾನೆ, ಎಚ್ಚರದಿಂದ ಬೆಳೆದವನು ಉಳಿಯುತ್ತಾನೆ. ಕೇರಳ ಕಟ್ಟುನಿಟ್ಟು ಮಾಡಿತೆಂದು ಮುನಿಯುವುದಕ್ಕಿಂತ ಇಲ್ಲಿಯೂ ಪರೀಕ್ಷೆ ಬೇಕೆಂದು ಕೇಳುವುದು ರೈತನಿಗೆ ಹಿತ. ಸಿಂಪಡಿಸಿದ ಔಷಧಿ, ದಿನಾಂಕ ಮತ್ತು ಕೊಯ್ಲಿಗೆ ಕಾಯಬೇಕಾದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ರೈತನ ಸಾಕ್ಷಿ.

ಬಂಡೀಪುರದ ರಸ್ತೆಗಳಲ್ಲಿ 2009ರಲ್ಲಿ ಬಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧವನ್ನೂ ವ್ಯಾಪಾರಕ್ಕೆ ಅಡ್ಡಿಯೆಂದು ಹೇಳುವವರಿದ್ದಾರೆ. ಅದು ಕಾಡುಪ್ರಾಣಿಗಳ ರಕ್ಷಣೆಗೆ ಮಾಡಿದ್ದು, ಎಲ್ಲರ ಲಾರಿಗೂ ಒಂದೇ, ವೇಳೆ ಮೊದಲೇ ಗೊತ್ತು. ಕೊಯ್ಲನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ತಕ್ಕಡಿಯ ಮುಂದೆ ಹೇಳುವ ‘ಇಷ್ಟು ಕಿಲೋ ಕಳೆ’ ಎಂಬ ಮಾತಿಗೆ ಹೀಗೆ ಹೊಂದಿಸಿಕೊಳ್ಳಲು ಆಗದು.

ಈ ಸುಗ್ಗಿಗೆ ಅರಿಸಿನ ತರುವವರು ರಾಶಿಯ ಮೇಲೆ, ನಡುವೆ, ಅಡಿಯಿಂದ ಸ್ವಲ್ಪ ಸ್ವಲ್ಪ ಕೊಂಬು ತೆಗೆದು ಬೆರೆಸಿ, ಎರಡು ಗಾಳಿಯಾಡದ ಪೊಟ್ಟಣ ಮಾಡಬೇಕು. ಒಂದು ಪರೀಕ್ಷೆಗೆ, ಒಂದು ರೈತನ ಬಳಿ. ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆ ಬೀಳಬೇಕು, ಅದರ ಪ್ರಮಾಣಪತ್ರ ತೋರಿಸೆಂದು ಕೇಳಬಹುದು. ತೇವಕ್ಕೆಂದು ತೂಕ ಕಳೆದರೆ ಶೇಕಡ ಎಷ್ಟು ತೇವ, ಎಷ್ಟು ಕಿಲೋ ಕಡಿತ ಎಂಬ ಎರಡೂ ಅಂಕಿಗಳನ್ನು ಸಮಿತಿಯ ರಸೀದಿಯಲ್ಲಿಯೇ ಬರೆಸಿಕೊಳ್ಳಬೇಕು.