ನಮ್ಮ ಮಕ್ಕಳಿಗೆ ಸೈನ್ಸು ಯಾಕೆ ದೂರ?

(ಮಾಸ್ತಿಯಲ್ಲಿ ಸೇರಿದ್ದ ರೈತ ಪಾಲಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಯಾವಾಗಲೂ ಹಾಲಿನ ದರ, ಟೊಮೇಟೊ ದರ, ಬ್ಯಾಂಕಿನ ನೋಟೀಸು ಅಂತ ಮಾತಾಡುವ ಇವನು ಇವತ್ತು ಕಾಲೇಜಿನ ವಿಚಾರ ಯಾಕೆ ಎತ್ತಿದ ಅಂತ ನಿಮಗೆ ಅನ್ನಿಸಿರಬಹುದು. ಬರುವಾಗ ದಾರಿಯಲ್ಲೇ ಒಬ್ಬರು ಕೇಳಿದರು. ನಾನು ತಿರುಗಿ ಕೇಳಿದೆ: "ಅಣ್ಣ, ಹೋದ ವರ್ಷ ಅತ್ತಿಗೆ ಒಡವೆ ಗಿರವಿ ಇಟ್ಟೆಯಲ್ಲ, ಅದು ಬೋರ್‌ವೆಲ್ಲಿಗಾ, ಗೊಬ್ಬರಕ್ಕಾ?" ಎರಡಕ್ಕೂ ಅಲ್ಲ. ಮಗನ ಪಿ.ಯು.ಸಿ. ಫೀಸಿಗೆ. ಅವರು ಮಾತಾಡಲಿಲ್ಲ.

ಬೋರ್‌ವೆಲ್ ಸಾಲ ನಮಗೆ ಗೊತ್ತಿತ್ತು. ಮದುವೆ ಸಾಲ ಗೊತ್ತಿತ್ತು. ಈಗ ಪಿ.ಯು.ಸಿ. ಸಾಲ ಅಂತ ಒಂದು ಹುಟ್ಟಿಕೊಂಡಿದೆ. ಇದನ್ನು ಯಾವ ಸರ್ಕಾರವೂ ರೈತರ ಸಾಲದ ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ.

ನನ್ನ ಮನೆಯದೇ ಹೇಳುತ್ತೇನೆ. ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 568 ತೆಗೆದಳು. ಹತ್ತಿರದ ಒಂದು ಸರ್ಕಾರಿ ಕಾಲೇಜಿಗೆ ಸೇರಿಸಿದೆ. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಬೋರ್ಡಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಎಲ್ಲಾ ಇತ್ತು. ಒಳಗೆ ಫಿಸಿಕ್ಸಿಗೆ ಉಪನ್ಯಾಸಕರೇ ಇಲ್ಲ. ಮ್ಯಾಥ್ಸಿಗೆ ಅತಿಥಿ ಉಪನ್ಯಾಸಕರು ಬಂದಿದ್ದು ಆಗಸ್ಟ್ ಕೊನೆಗೆ. ಲ್ಯಾಬಿಗೆ ಬೀಗ. ದಸರಾ ರಜದಲ್ಲಿ ಮಗಳು, "ಅಪ್ಪಾ, ನಾನು ಆರ್ಟ್ಸಿಗೆ ಹೋಗ್ತೀನಿ ಬಿಡು" ಅಂದಳು. ಅವಳಿಗೆ ಆರ್ಟ್ಸು ಇಷ್ಟವಾಗಿದ್ದರೆ ನಾನೂ ಬೇಡ ಅನ್ನುತ್ತಿರಲಿಲ್ಲ. ನನ್ನ ಜೇಬು ನೋಡಿ ಹೇಳಿದ ಮಾತು ಅದು.

ಎರಡು ಹಸು ಮಾರಿ, ಉಳಿದದ್ದಕ್ಕೆ ಒಡವೆ ಇಟ್ಟು ಪಟ್ಟಣದ ಖಾಸಗಿ ಕಾಲೇಜಿಗೆ ಹಾಕಿದೆ. ಫೀಸು, ಹಾಸ್ಟೆಲ್ಲು ಸೇರಿ ವರ್ಷಕ್ಕೆ 1 ಲಕ್ಷ 80 ಸಾವಿರ. ಎರಡು ಹಸು ಹೋದವು ಅಂದರೆ ದಿನಕ್ಕೆ ಇಪ್ಪತ್ತು ಲೀಟರ್ ಹಾಲು ಹೋಯಿತು, ಡೈರಿ ಬಟವಾಡೆ ಹೋಯಿತು, ಹೊಲಕ್ಕೆ ಹಾಕುವ ತಿಪ್ಪೆಗೊಬ್ಬರವೂ ಹೋಯಿತು. ಮಗಳು ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ನಾನು ಇನ್ನೂ ಬಡ್ಡಿ ಕಟ್ಟುತ್ತಿದ್ದೇನೆ.

2021ರಲ್ಲಿ ಸರ್ಕಾರ ರೈತ ವಿದ್ಯಾನಿಧಿ ಅಂತ ಮಾಡಿ, ಪಿ.ಯು.ಸಿ. ಓದುವ ರೈತರ ಮಕ್ಕಳಲ್ಲಿ ಗಂಡುಮಕ್ಕಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಗೊತ್ತು ಮಾಡಿತು. ಬೇಡ ಅನ್ನುವುದಿಲ್ಲ. ಆದರೆ ಆ ದುಡ್ಡು ಬಸ್ ಸ್ಟ್ಯಾಂಡಿನ ಚಹಾಕ್ಕೆ ಸರಿಹೋಯಿತು. ಹೊಲದ ಭರವಸೆಯೂ ಇಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸು ಎರಡು ಸಾವಿರ ದಾಟಿತು. ಆ ಹುರುಪಿನಲ್ಲಿ ಮಗನನ್ನು ದೊಡ್ಡ ಕಾಲೇಜಿಗೆ ಸೇರಿಸಿದವರಿದ್ದಾರೆ. ಬೆಲೆ ಇಳಿದ ಮೇಲೆ ಎರಡನೇ ವರ್ಷದ ಫೀಸು ಎಲ್ಲಿಂದ ತಂದರು ಅಂತ ಅವರನ್ನೇ ಕೇಳಿ. ಟೊಮೇಟೊ ಇಳಿಯುತ್ತದೆ, ಫೀಸು ಇಳಿಯುವುದಿಲ್ಲ.

ಪರೀಕ್ಷೆಯ ವಿಚಾರಕ್ಕೆ ಬರೋಣ. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಬಂದಾಗ ಹಳ್ಳಿಯವರಿಗೆ ಒಂದು ಬಾಗಿಲು ತೆರೆಯಿತು. ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಇವೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಗ್ರಾಮೀಣ ಕೋಟಾ ಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿ ಪ್ರದೇಶದ ಸ್ಕೂಲಿನಲ್ಲೇ ಓದಿರಬೇಕು. ಎಂಟನೇ ಕ್ಲಾಸಿಗೇ ಮಗುವನ್ನು ಬೆಂಗಳೂರಿಗೆ ಹಾಕಿದರೆ ಅದು ಹೋಯಿತು. ಎಷ್ಟು ಜನ ಹಾಗೆ ಕಳೆದುಕೊಂಡಿದ್ದೀರೋ!

ಡಾಕ್ಟರ್ ಸೀಟಿಗೆ ಈಗ ನೀಟ್ ಪರೀಕ್ಷೆ. 180 ಪ್ರಶ್ನೆ, 720 ಅಂಕ, ಒಂದು ತಪ್ಪಾದರೆ ಒಂದು ಅಂಕ ಕಡಿತ. 2017ರಿಂದ ಕನ್ನಡದಲ್ಲೂ ಬರೆಯಬಹುದು. ಸಂತೋಷ. ಆದರೆ ಪಿ.ಯು.ಸಿ.ಯಲ್ಲಿ ಸೈನ್ಸ್ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುವುದು. ನಮ್ಮ ಹುಡುಗ ಹತ್ತನೇ ಕ್ಲಾಸಿನವರೆಗೆ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಅಂತ ಕಲಿತಿರುತ್ತಾನೆ. ಜೂನ್‌ನಲ್ಲಿ ಅದೇ ಆಕ್ಸಿಲರೇಷನ್, ಫೋಟೋಸಿಂಥೆಸಿಸ್ ಆಗಿ ಬರುತ್ತದೆ. ಅವನಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಎರಡು ತಿಂಗಳು ಯಾರಾದರೂ ಕೈಹಿಡಿದು ದಾಟಿಸಿದರೆ ಆಯಿತು. ಹಾಗೆ ದಾಟಿಸುವವರಿಲ್ಲದೆ, ದಡ್ಡ ಅನ್ನಿಸಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾನೆ.

ಇನ್ನೊಂದು ತಮಾಷೆ ಕೇಳಿ. ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿಗೆ ರೈತರ ಮಕ್ಕಳಿಗೇ ಅಂತ ಕೃಷಿಕರ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ನಮ್ಮ ಮಕ್ಕಳು ಅಲ್ಲಿ ಯಾರಿಗೆ ಕಡಿಮೆ? ಆದರೆ ಅದಕ್ಕೂ ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿರಬೇಕು. ಹತ್ತಿರದಲ್ಲಿ ಸೈನ್ಸ್ ಇಲ್ಲದೆ ಆರ್ಟ್ಸು ತೆಗೆದುಕೊಂಡ ರೈತನ ಮಗಳು ರೈತರ ಕೋಟಾಕ್ಕೇ ಅರ್ಜಿ ಹಾಕುವಂತಿಲ್ಲ!

ಹೆಣ್ಣುಮಕ್ಕಳದ್ದು ಬೇರೆ ಕಷ್ಟ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಅವರಿಗೆ ಉಚಿತವಾಯಿತು, ಒಳ್ಳೆಯದೇ. ಆದರೆ ಲ್ಯಾಬು ಮುಗಿಸಿ ಸಂಜೆ ಬರುವ ಹುಡುಗಿಗೆ ಊರ ಕಡೆ ಬಸ್ಸೇ ಇಲ್ಲದಿದ್ದರೆ ಉಚಿತ ಯಾತಕ್ಕೆ? "ಬೇಡಮ್ಮ, ಹತ್ತಿರದಲ್ಲಿ ಏನಿದೆಯೋ ಅದನ್ನೇ ಓದು" ಅನ್ನುತ್ತೇವೆ.

ಡಾ. ಎಚ್. ನರಸಿಂಹಯ್ಯನವರ ಹೆಸರು ನೀವೆಲ್ಲ ಕೇಳಿದ್ದೀರಿ. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಮುಂದೆ ಓದಲು ಊರಿನಲ್ಲಿ ಹೈಸ್ಕೂಲಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಫಿಸಿಕ್ಸ್ ಓದಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಕಥೆ ಹೇಳಿ ಚಪ್ಪಾಳೆ ತಟ್ಟುವವರು ಮುಂದಿನದನ್ನು ಮರೆಯುತ್ತಾರೆ. ಅವರು ಹುಡುಗರೆಲ್ಲ ನನ್ನ ಹಾಗೆ ನಡೆಯಲಿ ಅನ್ನಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು. ಕಾಲೇಜನ್ನೇ ಹುಡುಗರ ಹತ್ತಿರ ತಂದರು.

ಈಗ ನಿಮಗೆ ಬೇಜಾರಾಗುವ ಮಾತು. ಸರ್ಕಾರಿ ಕಾಲೇಜು ಈ ಗತಿಗೆ ಬರಲು ನಾವೂ ಕಾರಣ. ನಾಲ್ಕೆಕರೆ ನೀರಾವರಿ ಇದ್ದವನು ಮಗನನ್ನು ಮಾಲೂರಿಗೋ ಕೋಲಾರಕ್ಕೋ ವ್ಯಾನಿನಲ್ಲಿ ಕಳಿಸಿದ. ಸರ್ಕಾರಿ ಕಾಲೇಜಿನಲ್ಲಿ ಉಳಿದದ್ದು ಕೂಲಿಯವರ ಮಕ್ಕಳು, ಕಾಲೋನಿಯ ಮಕ್ಕಳು. ಫಿಸಿಕ್ಸ್ ಮೇಷ್ಟ್ರು ಬಂದಿಲ್ಲ ಅಂತ ಅವರ ತಾಯಿ ಕೂಲಿ ಬಿಟ್ಟು ಬಂದು ಕೇಳಲು ಆಗುತ್ತದೆಯೇ? ಕೇಳುವ ಶಕ್ತಿ ಇದ್ದ ನಾವು ಸಾಲ ಮಾಡಿ ಓಡಿಹೋದೆವು. ಡೈರಿಯಲ್ಲಿ ಲೀಟರಿಗೆ ಒಂದು ರೂಪಾಯಿ ಇಳಿದರೆ ಹಾಲಿನ ಕ್ಯಾನು ರಸ್ತೆಗೆ ತರುವ ನಾವು, ಕಾಲೇಜಿನಲ್ಲಿ ಮೂರು ತಿಂಗಳು ಮ್ಯಾಥ್ಸ್ ಪಾಠ ನಡೆಯದಿದ್ದರೆ ಒಂದು ಅರ್ಜಿಯನ್ನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಹಸು ಮಾರಿದೆ ಅಷ್ಟೇ.

ಆದ್ದರಿಂದ ನಮ್ಮ ಕೇಳಿಕೆ ದೊಡ್ಡದೇನಲ್ಲ. ಹೋಬಳಿಗೊಂದು ಸರ್ಕಾರಿ ಕಾಲೇಜಿನಲ್ಲಾದರೂ ಪೂರ್ತಿ ಸೈನ್ಸ್ ವಿಭಾಗ ಇರಲಿ. ಫಿಸಿಕ್ಸು, ಮ್ಯಾಥ್ಸಿಗೆ ಕಾಯಂ ಉಪನ್ಯಾಸಕರು ಬರಲಿ; ಅತಿಥಿಗಳೇ ಆದರೆ ಜೂನ್ ಮೊದಲ ವಾರಕ್ಕೇ ಬರಲಿ, ಅವರ ಸಂಬಳವೂ ತಿಂಗಳು ತಿಂಗಳು ಆಗಲಿ. ಹೊಟ್ಟೆ ಹಸಿದವನು ಏನು ಪಾಠ ಮಾಡುತ್ತಾನೆ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ತಿಂಗಳು ಇಂಗ್ಲಿಷ್ ಪದಗಳ ತರಗತಿ, ಸಂಜೆ ಸಿ.ಇ.ಟಿ., ನೀಟ್ ಪಾಠ, ಅದು ಮುಗಿಯುವ ಹೊತ್ತಿಗೆ ಒಂದು ಬಸ್ಸು.

ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಓಟು ಕೇಳಲು ಮನೆಗೆ ಬಂದವರ ಹತ್ತಿರ ನಾವು ಹೋಗುವುದರಲ್ಲಿ ತಪ್ಪಿಲ್ಲ. ಅರ್ಜಿ ಬರೆದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಖಾಸಗಿಗೆ ಹಾಕಿದವರೂ ಸಹಿ ಮಾಡಿ, ಮಕ್ಕಳಿಲ್ಲದವರೂ ಮಾಡಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಸೋಮವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಎಲ್ಲರೂ ಬಸ್ ಸ್ಟ್ಯಾಂಡಿಗೆ ಬನ್ನಿ. ಮೊದಲನೇ ಬಸ್ಸಿಗೇ ಮಾಲೂರಿಗೆ ಹೊರಡೋಣ. ಕಾಲೋನಿಯ ಪಾಲಕರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ, ಅವರೂ ಬರುತ್ತಾರೆ.