ನಮ್ಮ ಬೀದಿಗಳಲ್ಲಿ ಕಾರ್ನ್‌ವಾಲಿಸ್: ಮಧ್ಯ ನ್ಯೂಜರ್ಸಿಯ ಕೆಲವು ಐತಿಹಾಸಿಕ ಸ್ಥಳಗಳು

(ಸಂಘದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹ ರೂಪ)



ಹಬ್ಬದ ದಿನ ಇತಿಹಾಸದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಹಬ್ಬ ಮುಗಿದೊಡನೆ ನಮ್ಮ ಅನೇಕ ಮನೆಗಳಿಗೆ ತಾಯ್ನಾಡಿನಿಂದ ತಂದೆತಾಯಿಯರು ಬರುವ ಕಾಲ ಆರಂಭವಾಗುತ್ತದೆ. ಅವರು ಬಂದ ಮೊದಲ ತಿಂಗಳು ಸಂಭ್ರಮದಿಂದಲೇ ಕಳೆಯುತ್ತದೆ. ಸ್ವಾತಂತ್ರ್ಯ ದೇವತೆಯ ಪ್ರತಿಮೆ, ನಯಾಗರಾ, ರಾಜಧಾನಿ ವಾಷಿಂಗ್ಟನ್, ಈ ಮೂರು ಕ್ಷೇತ್ರಗಳ ಯಾತ್ರೆ ಮುಗಿದು ಛಾಯಾಚಿತ್ರಗಳು ಊರಿಗೆ ತಲುಪುತ್ತವೆ. ಆಮೇಲೆ? ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಹೊರಗೆ ನಡೆಯಲು ಪಾದಚಾರಿ ಮಾರ್ಗವಿಲ್ಲ, ಬಸ್ಸಿಲ್ಲ, ಮಾತನಾಡಿಸಲು ನೆರೆಯವರು ಕಾಣುವುದಿಲ್ಲ. ಊರಿನಲ್ಲಿ ನಾಲ್ಕು ಜನರ ನಡುವೆ ಗೌರವದಿಂದ ಬಾಳಿದ ಹಿರಿಯರು ಕಿಟಕಿಯ ಬಳಿ ಕುಳಿತು ಅಂಚೆಯವನ ವಾಹನವನ್ನು ಎದುರು ನೋಡುತ್ತಾರೆ. ‘ಇದೆಂಥ ಊರಪ್ಪ, ಇಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ನಾವೂ ಹೌದೆನ್ನುತ್ತೇವೆ. ಪಕ್ಕದಲ್ಲೇ ನಿಂತಿರುವ ನಮ್ಮ ಮಕ್ಕಳು ಇದನ್ನು ಕೇಳಿಸಿಕೊಳ್ಳುತ್ತಾರೆ. ಇದು ಅವರು ಹುಟ್ಟಿದ ಊರು ಎಂಬುದನ್ನು ಮಾತ್ರ ನಾವು ಮರೆತಿರುತ್ತೇವೆ.

‘ಏನೂ ಇಲ್ಲ’ ಎಂಬ ಮಾತು ನಿಜವಲ್ಲ. ಇದೇ ನನ್ನ ಇಂದಿನ ನಿವೇದನೆ.

ನಾವು ಮಾಧ್ಯಮಿಕ ಶಾಲೆಯಲ್ಲಿ ಓದಿದ ಒಂದು ಹೆಸರಿನಿಂದ ಆರಂಭಿಸುತ್ತೇನೆ. ಲಾರ್ಡ್ ಕಾರ್ನ್‌ವಾಲಿಸ್. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದ ಗವರ್ನರ್ ಜನರಲ್. ಪರೀಕ್ಷೆಗಾಗಿ ಕಂಠಪಾಠ ಮಾಡಿ ಬಿಟ್ಟ ಹೆಸರು ಅದು. ಭಾರತಕ್ಕೆ ಬರುವ ಮುನ್ನ ಆತ ಎಲ್ಲಿದ್ದ ಎಂದು ನಮ್ಮ ಮೇಷ್ಟ್ರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಆತ ಇಲ್ಲಿದ್ದ. ನಾವು ತರಕಾರಿ ಕೊಳ್ಳಲು ಕಾರು ಓಡಿಸುವ ಈ ರಸ್ತೆಗಳ ಆಸುಪಾಸಿನಲ್ಲಿ.

1776ರ ನವೆಂಬರ್ 20ರಂದು ಆತನ ಪಡೆ ಹಡ್ಸನ್ ನದಿಯನ್ನು ದಾಟಿ, ಪ್ಯಾಲಿಸೇಡ್ಸ್ ಬಂಡೆಗಳನ್ನೇರಿ ಫೋರ್ಟ್ ಲೀ ಕೋಟೆಯನ್ನು ವಶಪಡಿಸಿಕೊಂಡಿತು. ವಾಷಿಂಗ್ಟನ್ನನ ಸೋತ ಸೈನ್ಯ ಹ್ಯಾಕೆನ್ಸಾಕ್, ನ್ಯೂವರ್ಕ್, ನ್ಯೂ ಬ್ರನ್ಸ್‌ವಿಕ್ ಮಾರ್ಗವಾಗಿ ಓಡಿತು, ಕಾರ್ನ್‌ವಾಲಿಸ್ ಬೆನ್ನಟ್ಟಿದ. ಈ ಊರುಗಳ ಹೆಸರುಗಳನ್ನು ನಾವು ದಿನವೂ ಹೆದ್ದಾರಿಯ ಹಸಿರು ಫಲಕಗಳ ಮೇಲೆ ಓದುತ್ತೇವೆ. ಯುದ್ಧ ಮುಗಿದೇ ಹೋಯಿತೆಂದು ಭಾವಿಸಿ ಆತ ರಜೆಯ ಮೇಲೆ ಇಂಗ್ಲೆಂಡಿಗೆ ಹೊರಟಿದ್ದ. ಅಷ್ಟರಲ್ಲಿ ಡಿಸೆಂಬರ್ 26ರ ಬೆಳಗ್ಗೆ ವಾಷಿಂಗ್ಟನ್ ಹಿಮದಲ್ಲಿ ಡೆಲಾವೇರ್ ನದಿಯನ್ನು ದಾಟಿ ಟ್ರೆಂಟನ್ನಿನ ಮೇಲೆ ಎರಗಿದ. ಕಾರ್ನ್‌ವಾಲಿಸನ ರಜೆ ರದ್ದಾಯಿತು.

ಇನ್ನು ಪ್ರಿನ್ಸ್‌ಟನ್. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ತಿಳಿದಿಲ್ಲ. 1777ರ ಜನವರಿ 2ರ ಸಂಜೆ ಕಾರ್ನ್‌ವಾಲಿಸ್ ಟ್ರೆಂಟನ್ ತಲುಪಿದಾಗ ವಾಷಿಂಗ್ಟನ್ನನ ಸೈನ್ಯ ಅಸನ್‌ಪಿಂಕ್ ಎಂಬ ಹಳ್ಳದ ಆಚೆಗಿತ್ತು. ಹಿಂದೆ ಡೆಲಾವೇರ್ ನದಿ, ಮುಂದೆ ಶತ್ರು. ಕತ್ತಲಾಯಿತು, ಬೆಳಗ್ಗೆ ನೋಡಿಕೊಳ್ಳೋಣ ಎಂದು ಕಾರ್ನ್‌ವಾಲಿಸ್ ವಿಶ್ರಮಿಸಿದ. ಆ ಬದಿಯಲ್ಲಿ ರಾತ್ರಿಯಿಡೀ ಬೆಂಕಿಗಳು ಉರಿಯುತ್ತಿದ್ದವು, ಗುಂಡಿ ತೋಡುವ ಸದ್ದು ಕೇಳುತ್ತಿತ್ತು. ಅದು ಬಿಟ್ಟುಹೋದ ಕೆಲವೇ ಜನರ ನಾಟಕ. ಫಿರಂಗಿಯ ಚಕ್ರಗಳಿಗೆ ಬಟ್ಟೆ ಸುತ್ತಿ, ಹಗಲಿನ ಕೆಸರು ಚಳಿಗೆ ಹೆಪ್ಪುಗಟ್ಟಿದ ಹಿಂದಾರಿಯಲ್ಲಿ ಉಳಿದ ಸೈನ್ಯವೆಲ್ಲ ಪ್ರಿನ್ಸ್‌ಟನ್ನಿನತ್ತ ಸಾಗಿತ್ತು. ಬೆಳಗಾದಾಗ ಕಾರ್ನ್‌ವಾಲಿಸನಿಗೆ ಫಿರಂಗಿಯ ಶಬ್ದ ಕೇಳಿಸಿದ್ದು ಬೆನ್ನಿನ ಕಡೆಯಿಂದ.

ಆ ರಣರಂಗ ಇಂದು ವಿಶಾಲವಾದ ಹುಲ್ಲುಗಾವಲು. ಪಕ್ಕದಲ್ಲಿ ಕ್ಲಾರ್ಕ್ ಮನೆತನದ ಬಿಳಿಯ ಮನೆ. ಬಯೊನೆಟ್ಟಿನ ಇರಿತಗಳಿಂದ ಗಾಯಗೊಂಡ ಜನರಲ್ ಹ್ಯೂ ಮರ್ಸರ್ ಒಂಬತ್ತು ದಿನಗಳ ಬಳಿಕ ಪ್ರಾಣ ಬಿಟ್ಟದ್ದು ಆ ಮನೆಯಲ್ಲಿ. ಆತ ಸ್ಕಾಟ್ಲೆಂಡಿನಿಂದ ವಲಸೆ ಬಂದ ವೈದ್ಯ. ಈ ಸಭೆಯಲ್ಲಿ ವೈದ್ಯರು ಬಹಳ ಮಂದಿ ಇರುವುದರಿಂದ ಹೇಳಿದೆ, ಅಷ್ಟೇ. ಆತನ ಹೆಸರಿನ ಓಕ್ ಮರ ಬಯಲಿನ ನಡುವೆ 2000ದವರೆಗೆ ನಿಂತಿದ್ದು, ಆ ವರ್ಷದ ಗಾಳಿಗೆ ಉರುಳಿತು. ನೋಡಲು ಏನಿದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಬಯಲಿನ ಕಂಬಸಾಲಿನ ಹಿಂದೆ ಸತ್ತ ಸೈನಿಕರ ಸಮಾಧಿಯಿದೆ. ಎರಡು ಪಕ್ಷದವರನ್ನೂ ಅಲ್ಲಿ ಸ್ಮರಿಸಲಾಗಿದೆ. ಅದರ ಮುಂದೆ ಐದು ನಿಮಿಷ ನಿಲ್ಲಿರಿ.

ಅದೇ ಊರಿನಲ್ಲಿ, ಮರ್ಸರ್ ಹೆಸರಿನ ಬೀದಿಯಲ್ಲಿ, ಐನ್‌ಸ್ಟೈನ್ 1935ರಿಂದ 1955ರಲ್ಲಿ ತೀರಿಕೊಳ್ಳುವವರೆಗೆ ವಾಸವಾಗಿದ್ದ ಮನೆಯೂ ಇದೆ. ಅದು ವಸ್ತುಸಂಗ್ರಹಾಲಯವಲ್ಲ, ಯಾರದೋ ವಾಸದ ಮನೆ. ದಯವಿಟ್ಟು ಬಾಗಿಲು ತಟ್ಟಬೇಡಿ. ನಮ್ಮವರು ತಟ್ಟಿದ್ದನ್ನು ನಾನು ಕಂಡಿದ್ದೇನೆ.

ಪ್ರಿನ್ಸ್‌ಟನ್ನಿನ ಸೋಲಿನ ಬಳಿಕ ಕಾರ್ನ್‌ವಾಲಿಸ್ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬೀಡುಬಿಟ್ಟ. 1777ರ ಏಪ್ರಿಲ್ 13ರ ಮುಂಜಾನೆ ಅಲ್ಲಿಂದ ಸುಮಾರು ನಾಲ್ಕು ಸಾವಿರ ಸೈನಿಕರೊಡನೆ ರಾರಿಟನ್ ನದಿಯ ದಂಡೆಯ ಬೌಂಡ್ ಬ್ರೂಕ್ ಹಳ್ಳಿಯನ್ನು ಮುತ್ತಿದ. ಅಲ್ಲಿದ್ದವರು ಬೆಂಜಮಿನ್ ಲಿಂಕನ್ ಎಂಬ ಸೇನಾನಿ ಮತ್ತು ಐನೂರರಷ್ಟು ಜನ. ಲಿಂಕನ್ ಕೂದಲೆಳೆಯಲ್ಲಿ ಪಾರಾಗಿ ವಾಚಂಗ್ ಬೆಟ್ಟಗಳತ್ತ ಸರಿದ. ಸಣ್ಣ ಕದನ, ಕೆಲವೇ ಗಂಟೆಗಳ ವ್ಯವಹಾರ. ಆದರೆ ಇತಿಹಾಸ ಲೆಕ್ಕವನ್ನು ಬಾಕಿ ಇಟ್ಟುಕೊಂಡಿತ್ತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಶರಣಾದಾಗ ಆತ ಅಸ್ವಸ್ಥನೆಂದು ಹೇಳಿ ತಾನು ಬಾರದೆ ಉಪಸೇನಾನಿಯನ್ನು ಕಳುಹಿಸಿದ. ಹಾಗಿದ್ದರೆ ನಾನೂ ನನ್ನ ಉಪಸೇನಾನಿಗೇ ಬಿಡುತ್ತೇನೆಂದು ವಾಷಿಂಗ್ಟನ್ ಆ ಶರಣಾಗತಿಯನ್ನು ಸ್ವೀಕರಿಸಲು ಸೂಚಿಸಿದ್ದು ಇದೇ ಬೆಂಜಮಿನ್ ಲಿಂಕನ್ನನಿಗೆ.

ಅಲ್ಲಿಗೆ ಅಮೆರಿಕದ ಪುಸ್ತಕಗಳಲ್ಲಿ ಕಾರ್ನ್‌ವಾಲಿಸನ ಅಧ್ಯಾಯ ಮುಗಿಯುತ್ತದೆ. ನಮ್ಮ ಪುಸ್ತಕಗಳಲ್ಲಿ ಅಲ್ಲಿಂದ ಪ್ರಾರಂಭ. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದವನು 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿದ. ಕಿಲ್ಲೇದಾರ ಬಹದ್ದೂರ್ ಖಾನ್ ಕೋಟೆಯನ್ನು ಕಾಯುತ್ತಲೇ ಮಡಿದ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಆ ಕೋಟೆಯ ಗೋಡೆಯಲ್ಲಿ ದಾಳಿಯ ಜಾಗವನ್ನು ಗುರುತಿಸುವ ಕಲ್ಲೊಂದಿದೆ. ಬೆಂಗಳೂರಿನವರು ಹೂವು ಕೊಳ್ಳುವ ಅವಸರದಲ್ಲಿ ಅದನ್ನು ನೋಡುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದರೂ, ಆಹಾರವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಮ್ಮೆಟ್ಟಿದ. 1792ರ ಫೆಬ್ರವರಿಯಲ್ಲಿ ಮರಳಿ ಬಂದು ಶ್ರೀರಂಗಪಟ್ಟಣವನ್ನು ಮುತ್ತಿದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳು: ಇದು ಸಂಧಿಯ ಬೆಲೆ.

ಮಂಡ್ಯದ ಕಡೆಯಿಂದ ಬಂದಿದ್ದ ನಿವೃತ್ತ ಉಪಾಧ್ಯಾಯರೊಬ್ಬರನ್ನು ಒಮ್ಮೆ ಬೌಂಡ್ ಬ್ರೂಕ್‌ಗೆ ಕರೆದೊಯ್ದಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ರೈಲು ನಿಲ್ದಾಣ, ಅಂಗಡಿಗಳು, ಕೆಲವು ಸ್ಮಾರಕ ಫಲಕಗಳು. ಕಾರ್ನ್‌ವಾಲಿಸನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇವನು ಅರಕೆರೆಗೆ ಬರೋ ಮುಂಚೆ ಇಲ್ಲಿ ಬಂದಿದ್ದನೇ!’ ಎಂದರು. ದೂರದ ನೆಂಟನೊಬ್ಬನ ವಿಳಾಸ ಸಿಕ್ಕಂತಿತ್ತು ಆ ದನಿ. ಉಳಿದ ನಾಲ್ಕು ತಿಂಗಳು ಅವರಿಗೆ ಬೇಸರವಾಗಲಿಲ್ಲ. ಮಗನ ಕೈಯಲ್ಲಿ ಊರ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಂಡು ಓದಿದರು, ಮೊಮ್ಮಗಳಿಗೆ ಎರಡೂ ದೇಶಗಳ ಯುದ್ಧವನ್ನು ಒಂದೇ ಕಥೆಯಾಗಿ ಹೇಳಿದರು.

ಈ ಕಥೆಗೊಂದು ಉಪಕಥೆಯಿದೆ. 1782ರ ಏಪ್ರಿಲ್ 8ರಂದು ನಮ್ಮ ರಾಜ್ಯದ ದಕ್ಷಿಣ ತುದಿಯಾದ ಕೇಪ್ ಮೇ ಸಮೀಪ, ಡೆಲಾವೇರ್ ಕೊಲ್ಲಿಯಲ್ಲಿ, ಪೆನ್ಸಿಲ್ವೇನಿಯದ ಹಡಗೊಂದು ತನಗಿಂತ ಬಲಶಾಲಿಯಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’! ಬ್ರಿಟಿಷರೊಡನೆ ಸೆಣಸುತ್ತಿದ್ದ ಮೈಸೂರಿನ ನವಾಬನ ಹೆಸರು ಫಿಲಡೆಲ್ಫಿಯದವರೆಗೆ ಮುಟ್ಟಿತ್ತು. ಆ ವಿಜಯವನ್ನು ಕುರಿತು ಪದ್ಯ ಬರೆದ ಫಿಲಿಪ್ ಫ್ರೆನೊ ಪ್ರಿನ್ಸ್‌ಟನ್ನಿನಲ್ಲಿ ಓದಿದವನು. ಆತನ ಸಮಾಧಿ ಮಟವಾನ್ ಊರಿನಲ್ಲಿದೆ.

ಆದರೆ ಒಂದು ಸ್ಥಳ ನಮಗೆ ಸಂಬಂಧಿಸಿದ್ದರೆ ಮಾತ್ರ ನೋಡಲು ಯೋಗ್ಯ ಎಂಬುದೂ ಸಂಕುಚಿತ ದೃಷ್ಟಿಯೇ. ಸಾಮರ್‌ವಿಲ್‌ನ ವಾಲೆಸ್ ಹೌಸ್‌ಗೆ ಹೋಗಿ. ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ನಾವು ಎಷ್ಟು ಸಲ ಹೋಗಿಲ್ಲ! ಅಲ್ಲಿಂದ ಹತ್ತು ಹದಿನೈದು ನಿಮಿಷದ ಹಾದಿ. 1778ರ ಡಿಸೆಂಬರ್‌ನಿಂದ 1779ರ ಜೂನ್‌ವರೆಗೆ, ಸೈನ್ಯ ಮಿಡಲ್‌ಬ್ರೂಕ್‌ನಲ್ಲಿ ಬಿಡಾರ ಹೂಡಿದ್ದಾಗ, ವಾಷಿಂಗ್ಟನ್ ಆ ಮನೆಯಲ್ಲಿದ್ದ. ಮನೆಯೊಡೆಯನಿಗೆ ಸಾವಿರ ಡಾಲರ್ ಕೊಟ್ಟ. ಬಾಡಿಗೆ ಕೊಡುವ ದಂಡನಾಯಕನನ್ನು ನಮ್ಮ ಇತಿಹಾಸದಲ್ಲಿ ಹುಡುಕಬೇಕು. ಎದುರಿಗೇ 1751ರಲ್ಲಿ ಕಟ್ಟಿದ ಡಚ್ ಪಾದ್ರಿಯ ಮನೆಯಿದೆ. ಅಲ್ಲಿ ವಾಸವಾಗಿದ್ದ ಪಾದ್ರಿ ಹಾರ್ಡನ್‌ಬರ್ಗ್, ಮುಂದೆ ರಟ್ಗರ್ಸ್ ಎಂದು ಹೆಸರಾದ ಕ್ವೀನ್ಸ್ ಕಾಲೇಜಿನ ಮೊದಲ ಅಧ್ಯಕ್ಷ. ಇಲ್ಲಿರುವ ಎಷ್ಟೋ ತಂದೆತಾಯಿಯರು ಆ ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟುತ್ತಿರುವಿರಿ. ಅದರ ಬೇರನ್ನಾದರೂ ನೋಡಿ.

ವಾಲೆಸ್ ಹೌಸ್‌ನಲ್ಲಿ ಇನ್ನೊಂದನ್ನೂ ಮಕ್ಕಳಿಗೆ ಮರೆಮಾಚದೆ ಹೇಳಬೇಕು. ಆ ಮಿಡಲ್‌ಬ್ರೂಕ್ ವಾಸದ ದಿನಗಳಲ್ಲೇ, 1779ರ ಮೇ 31ರಂದು, ವಾಷಿಂಗ್ಟನ್ ಜನರಲ್ ಸಲಿವನ್ನನಿಗೆ ಆಜ್ಞೆ ಬರೆದ. ಅದರಂತೆ ನ್ಯೂಯಾರ್ಕ್ ಸೀಮೆಯ ಇರಕ್ವಾಯ್ ಮೂಲನಿವಾಸಿಗಳ ನಲವತ್ತಕ್ಕೂ ಹೆಚ್ಚು ಊರುಗಳು, ಬೆಳೆದು ನಿಂತ ಪೈರು, ಹಣ್ಣಿನ ತೋಟಗಳು ಬೂದಿಯಾದವು. ನಮ್ಮ ಈ ನೆಲದಲ್ಲಿಯೂ ಮೊದಲು ಇದ್ದವರು ಲೆನಾಪೆ ಜನ. ರಾರಿಟನ್, ವಾಚಂಗ್, ಹ್ಯಾಕೆನ್ಸಾಕ್ ಎಂಬ ಹೆಸರುಗಳು ಅವರ ನುಡಿಯವು; ಹೆಸರುಗಳು ಉಳಿದವು, ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಸ್ವಾತಂತ್ರ್ಯ ಘೋಷಿಸಿದ ಈ ರಾಜ್ಯದಲ್ಲಿ ಗುಲಾಮಗಿರಿ ಪೂರ್ಣವಾಗಿ ಕೊನೆಗೊಂಡದ್ದು 1865ರ ಸಂವಿಧಾನ ತಿದ್ದುಪಡಿಯಿಂದ. ಶ್ರೀರಂಗಪಟ್ಟಣದ ದುಃಖವನ್ನು ಬಲ್ಲ ನಮಗೆ ಇವು ಅರ್ಥವಾಗದ ಸಂಗತಿಗಳಲ್ಲ.

ವೈಯಕ್ತಿಕವಾಗಿ ನನಗೆ ಅತ್ಯಂತ ಪ್ರಿಯವಾದುದು ಯಾವ ಸೇನಾನಿಯ ಮನೆಯೂ ಅಲ್ಲ, ಡೆಲಾವೇರ್–ರಾರಿಟನ್ ಕಾಲುವೆ. 1834ರಲ್ಲಿ ತೆರೆದ ಈ ಕಾಲುವೆಯ ಮುಖ್ಯ ಭಾಗವೇ 44 ಮೈಲಿ. ಬಹುಮಟ್ಟಿಗೆ ಐರ್ಲೆಂಡಿನಿಂದ ವಲಸೆ ಬಂದ ಕೂಲಿಕಾರರು ಗುದ್ದಲಿ ಸನಿಕೆಗಳಿಂದ ತೋಡಿದ್ದು. 1832ರಲ್ಲಿ ಕಾಲರಾ ಬಂದು ಅವರಲ್ಲಿ ಅನೇಕರು ಸತ್ತು, ದಂಡೆಯಲ್ಲೇ ಮಣ್ಣಾದರು. ಪೆನ್ಸಿಲ್ವೇನಿಯದ ಕಲ್ಲಿದ್ದಲು ಹೇಸರಗತ್ತೆಗಳು ಎಳೆಯುವ ದೋಣಿಗಳಲ್ಲಿ ಈ ದಾರಿಯಿಂದ ನ್ಯೂಯಾರ್ಕ್ ಸೇರುತ್ತಿತ್ತು. 1932ರ ಬಳಿಕ ದೋಣಿ ಸಂಚಾರ ನಿಂತಿತು, 1974ರಲ್ಲಿ ಇದು ರಾಜ್ಯದ ಉದ್ಯಾನವಾಯಿತು. ಹೇಸರಗತ್ತೆಗಳು ನಡೆದ ಹಾದಿ ಇಂದು ಸಮತಟ್ಟಾದ, ನೆರಳಿರುವ ಕಾಲುದಾರಿ. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಅನುಕೂಲವಾದ ನಡಿಗೆ ಈ ಪ್ರಾಂತದಲ್ಲಿ ವಿರಳ. ಮಧ್ಯ ನ್ಯೂಜರ್ಸಿಯ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದು ಈ ಕಾಲುವೆಯಿಂದಲೇ. ನಾವು ಕಾಫಿಗೆ ಇಡುವ ನೀರು ಆ ಅನಾಮಿಕ ವಲಸಿಗರು ತೋಡಿದ ದಾರಿಯಲ್ಲಿ ಹರಿದು ಬಂದಿರಬಹುದು.

ಎಡಿಸನ್ ಊರನ್ನು ಕುರಿತು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಓಕ್ ಟ್ರೀ ರೋಡಿನಲ್ಲಿ ನುಗ್ಗೆಕಾಯಿ ಹುಡುಕುವ ನಾವು ಅಲ್ಲಿಗೆ ಸಮೀಪದ ಮೆನ್ಲೊ ಪಾರ್ಕಿನ ಗೋಪುರವನ್ನು ಕಂಡಿದ್ದೇವೆಯೇ? 131 ಅಡಿಯ ಆ ಗೋಪುರದ ತುದಿಯಲ್ಲಿರುವುದು ಬೃಹತ್ ವಿದ್ಯುತ್ ದೀಪ. 1877ರಲ್ಲಿ ಧ್ವನಿಮುದ್ರಣ ಯಂತ್ರ ಹುಟ್ಟಿದ್ದು, 1879ರ ಡಿಸೆಂಬರ್ 31ರಂದು ಜನರು ಮೊದಲ ಬಾರಿಗೆ ಎಡಿಸನ್ನನ ದೀಪಗಳ ಪ್ರದರ್ಶನಕ್ಕೆ ನೆರೆದದ್ದು ಅಲ್ಲಿಯೇ. ಅಲ್ಲಿನ ಹಳೆಯ ಪ್ರಯೋಗಾಲಯವನ್ನು 1929ರಲ್ಲಿ ಹೆನ್ರಿ ಫೋರ್ಡ್ ಮಿಷಿಗನ್ನಿನಲ್ಲಿ ಮರುನಿರ್ಮಿಸಿದ. ಎಡಿಸನ್ನನ ಉದ್ಯಮದಿಂದ ಬೆಳೆದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಯಂತ್ರಗಳೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದವು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅದು ಎಡಿಸನ್ ಒಂದು ಕಾಲದಲ್ಲಿ ಬಲವಾಗಿ ವಿರೋಧಿಸಿದ್ದ ಪರ್ಯಾಯ ವಿದ್ಯುತ್ತು ಎಂಬುದು ವಿನೋದ.

ಕೆಲವು ವ್ಯಾವಹಾರಿಕ ಮಾತುಗಳು. ಮಾರಿಸ್‌ಟೌನ್ ಬಳಿಯ ಜಾಕಿ ಹಾಲೋ ಕಾಡಿನಲ್ಲಿ, 1779–80ರ ಘೋರ ಚಳಿಗಾಲದಲ್ಲಿ ಹತ್ತು ಸಾವಿರದಷ್ಟು ಸೈನಿಕರು ಮರ ಕಡಿದು ಕಟ್ಟಿಕೊಂಡ ಗುಡಿಸಲುಗಳ ಮಾದರಿಗಳಿವೆ. ಅಲ್ಲಿಗೆ ಹೋಗುವಾಗ ಕಾಲು ಮುಚ್ಚುವ ಬಟ್ಟೆ ತೊಡಿ, ಹಿಂದಿರುಗಿದ ಮೇಲೆ ಮಕ್ಕಳ ಮೈಮೇಲೆ ಉಣ್ಣೆಗಳಿವೆಯೇ ನೋಡಿ. ಕ್ಲಾರ್ಕ್ ಮನೆ, ವಾಲೆಸ್ ಹೌಸ್ ಮೊದಲಾದವು ಪ್ರತಿದಿನವೂ ತೆರೆದಿರುವುದಿಲ್ಲ. ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿನ ಮಾರ್ಗದರ್ಶಕರು ಪ್ರಶ್ನೆ ಕೇಳುವ ಅತಿಥಿಗಳಿಗಾಗಿ ಹಂಬಲಿಸುತ್ತಾರೆ. ನಮ್ಮ ಹಿರಿಯರು ಕನ್ನಡದಲ್ಲಿ ಕೇಳಲಿ, ಮೊಮ್ಮಕ್ಕಳು ಇಂಗ್ಲಿಷಿಗೆ ತರಲಿ. ಆ ಅರ್ಧ ಗಂಟೆ ಯಾವ ಕನ್ನಡ ತರಗತಿಗೂ ಕಡಿಮೆಯಲ್ಲ.

ಮೇ ತಿಂಗಳ ಯಾವುದಾದರೊಂದು ಶನಿವಾರ ಹೀಗೆ ಮಾಡಬಹುದು: ಬೆಳಗ್ಗೆ ಬ್ರಿಡ್ಜ್‌ವಾಟರ್‌ನಲ್ಲಿ ದೇವರ ದರ್ಶನ, ಅಲ್ಲಿಂದ ಸಾಮರ್‌ವಿಲ್‌ನ ಎರಡು ಮನೆಗಳು. ಮಧ್ಯಾಹ್ನಕ್ಕೆ ದಕ್ಷಿಣದ ಗ್ರಿಗ್ಸ್‌ಟೌನ್ ತಲುಪಿದರೆ ಕಾಲುವೆಯ ದಂಡೆಯಲ್ಲಿ ಹಳೆಯ ಸೇತುವೆ ಕಾವಲುಗಾರನ ಮನೆಯನ್ನು ನೋಡಿಕೊಂಡು ಬುತ್ತಿ ಬಿಚ್ಚಬಹುದು. ಮೊಸರನ್ನ, ಚಿತ್ರಾನ್ನ ಸಾಕು. ಜಮಖಾನೆ ಮರೆಯಬೇಡಿ, ಹುಲ್ಲು ತೇವವಾಗಿರುತ್ತದೆ. ನಂತರ ಪ್ರಿನ್ಸ್‌ಟನ್ನಿನ ಬಯಲು. ಬಿಸಿಲು ಇಳಿಯುವ ಹೊತ್ತಿಗೆ ಮಕ್ಕಳು ಅಲ್ಲಿ ಓಡಾಡಲಿ.